ದೊಡ್ಡಪ್ಪನ ಬೈಪಾಸ್, ಅಪ್ಪನ ಬೈಪಾಸ್: ಶೇಕಡಾ ಐದು ಯಾರ ಲೆಕ್ಕ?

ಪ್ರಶ್ನೆ: ನಾವು ಹೊಳಲ್ಕೆರೆ ತಾಲ್ಲೂಕಿನವರು. ತಂದೆಗೆ 71 ವರ್ಷ, ತೂಕ 58 ಕೆ.ಜಿ. ಶುಗರ್ ಬಂದು ಬಹಳ ವರ್ಷವಾಯಿತು, ಈಗ ಇನ್ಸುಲಿನ್ ತಗೋತಾರೆ. 2016ರಲ್ಲಿ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದರು. ಈಗ ನಾಲ್ಕು ಹೆಜ್ಜೆ ನಡೆದರೆ ಎದೆ ಹಿಡಿಯುತ್ತದೆ. ಆ್ಯಂಜಿಯೋಗ್ರಾಂನಲ್ಲಿ ಮೂರೂ ನಾಳದಲ್ಲಿ ಬ್ಲಾಕ್, ಜೊತೆಗೆ ಎಡಭಾಗದ ನಾಳಗಳ ಬುಡವಾದ ಲೆಫ್ಟ್ ಮೇನ್‌ನಲ್ಲೂ ಇದೆ ಎಂದರು. ಎಕೋದಲ್ಲಿ ಪಂಪಿಂಗ್ 35, ಕ್ರಿಯಾಟಿನಿನ್ 1.6. ಬೆಂಗಳೂರಿನ ಸರ್ಜನ್ ಬೈಪಾಸ್ ಹೇಳಿದರು, ‘ರಿಸ್ಕ್ ಶೇಕಡಾ ಐದು’ ಎಂದರು. ದಾವಣಗೆರೆಯಲ್ಲಿ ಇನ್ನೊಬ್ಬರು ಸ್ಟೆಂಟ್‌ನಲ್ಲೇ ಮಾಡಬಹುದು ಎನ್ನುತ್ತಾರೆ. ನಮ್ಮ ದೊಡ್ಡಪ್ಪನಿಗೆ 1998ರಲ್ಲಿ, 52ನೇ ವಯಸ್ಸಿಗೆ ಬೈಪಾಸ್ ಆಯಿತು, ಇವತ್ತಿಗೂ ತೋಟಕ್ಕೆ ಹೋಗುತ್ತಾರೆ. ಆದರೆ ಹೋದ ವರ್ಷ ನಮ್ಮೂರಿನ ಒಬ್ಬರನ್ನು ಅಟ್ಯಾಕ್ ಆದ ಎರಡನೇ ದಿನ, ಬಿ.ಪಿ. ಇಳಿದಿದ್ದಾಗಲೇ ತುರ್ತಾಗಿ ಆಪರೇಷನ್‌ಗೆ ಒಯ್ದರು, ಐಸಿಯುನಿಂದ ಈಚೆ ಬರಲಿಲ್ಲ. ಆಗಿನ ಆಪರೇಷನ್ನೇ ಚೆನ್ನಾಗಿತ್ತೇ? ಶೇಕಡಾ ಐದು ಅಂದರೆ ಏನು? 99 ಪರ್ಸೆಂಟ್ ಸಕ್ಸೆಸ್ ಅನ್ನುವ ಆಸ್ಪತ್ರೆಗೆ ಹೋಗೋಣವೇ? ಅಡಿಕೆ ಕೊಯ್ಲು ಮುಗಿಯುವ ತನಕ ಮುಂದೂಡಬಹುದೇ?

ಉತ್ತರ:

ಆಪರೇಷನ್ ಕೆಟ್ಟಿಲ್ಲ, ಸುಧಾರಿಸಿದೆ. ಬದಲಾಗಿರುವುದು ಆಪರೇಷನ್ ಟೇಬಲ್ ಮೇಲೆ ಮಲಗುವ ಮನುಷ್ಯ. ನಿಮ್ಮ ದೊಡ್ಡಪ್ಪ, ನಿಮ್ಮ ಊರಿನವರು, ನಿಮ್ಮ ತಂದೆ, ಮೂವರಿಗೂ ಆಗುವುದು ‘ಬೈಪಾಸ್’ ಎಂಬ ಒಂದೇ ಹೆಸರಿನ ಕೆಲಸವಾದರೂ ಅಪಾಯದ ಲೆಕ್ಕದಲ್ಲಿ ಅವು ಮೂರು ಬೇರೆ ಬೇರೆ ಆಪರೇಷನ್. ಸರ್ಜನ್ ಹೇಳಿದ ಶೇ 5 ಬೈಪಾಸ್‌ನ ದರವಲ್ಲ, ನಿಮ್ಮ ತಂದೆಯ ದರ. ಇದೊಂದು ತಿಳಿದರೆ ನಿಮ್ಮ ಮಿಕ್ಕ ಪ್ರಶ್ನೆಗಳು ಅರ್ಧ ಬಗೆಹರಿದಂತೆ.

ಆ ಅಂಕಿ ಎಲ್ಲಿಂದ ಬರುತ್ತದೆ ಎಂದು ಮೊದಲು ಬಿಡಿಸಿ ಹೇಳುತ್ತೇನೆ. ನಾವು ವೈದ್ಯರು ಹೆಚ್ಚಾಗಿ ಬಳಸುವುದು ಯೂರೋಸ್ಕೋರ್ ಎಂಬ ಲೆಕ್ಕ. ಇಂಥ ರೋಗಿಗಳು ನೂರು ಜನ ಆಪರೇಷನ್‌ಗೆ ಹೋದರೆ ಎಷ್ಟು ಜನ ಆಸ್ಪತ್ರೆಯಲ್ಲೇ ತೀರಿಕೊಳ್ಳಬಹುದು ಎಂದು ಅದು ಅಂದಾಜಿಸುತ್ತದೆ. ಮೊದಲ ಆವೃತ್ತಿ 1999ರಲ್ಲಿ ಬಂತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು ಅಪಾಯವನ್ನು ಇರುವುದಕ್ಕಿಂತ ಜಾಸ್ತಿ ಹೇಳುತ್ತಿದೆ ಎಂದು ಗೊತ್ತಾಯಿತು, ಏಕೆಂದರೆ ಅಷ್ಟರಲ್ಲಿ ಆಪರೇಷನ್ನಿನ ಫಲಿತಾಂಶ ಮುಂದೆ ಹೋಗಿತ್ತು. ಹಾಗಾಗಿ 43 ದೇಶಗಳ 22 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ತೆಗೆದುಕೊಂಡು ಎರಡನೆಯ ಆವೃತ್ತಿಯನ್ನು 2012ರಲ್ಲಿ ಪ್ರಕಟಿಸಿದರು. ಈಗ ಇದನ್ನು ಫೋನಿನಲ್ಲೇ ಲೆಕ್ಕ ಹಾಕಬಹುದು. ವಯಸ್ಸು, ಗಂಡೋ ಹೆಣ್ಣೋ, ಕಿಡ್ನಿ, ಪಂಪಿಂಗ್ (ಹೃದಯ ಒಂದು ಬಡಿತಕ್ಕೆ ತನ್ನಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರದೂಡುತ್ತದೆ ಎಂಬುದು), ಇನ್ಸುಲಿನ್, ಶ್ವಾಸಕೋಶದ ಕಾಯಿಲೆ, ಕಾಲಿನ ಅಥವಾ ಕತ್ತಿನ ನಾಳದ ಬ್ಲಾಕ್, ಹಿಂದೆ ಹೃದಯದ ಆಪರೇಷನ್ ಆಗಿದೆಯೇ, ಕಳೆದ 90 ದಿನದೊಳಗೆ ಅಟ್ಯಾಕ್ ಆಗಿದೆಯೇ, ಆಪರೇಷನ್ ನಿಧಾನಕ್ಕೆ ಗೊತ್ತುಮಾಡಿದ್ದೋ ತುರ್ತಿನದೋ, ಇಂಥವೆಲ್ಲ ಅದರಲ್ಲಿ ಸೇರುತ್ತವೆ.

ನಿಮ್ಮ ದೊಡ್ಡಪ್ಪನ ವಿವರವನ್ನು ಅದರಲ್ಲಿ ಹಾಕಿ ನೋಡೋಣ. 52 ವರ್ಷ, 60 ದಾಟುವವರೆಗೆ ಈ ಲೆಕ್ಕದಲ್ಲಿ ವಯಸ್ಸಿಗೆ ಹೆಚ್ಚಿನ ಅಂಕವಿಲ್ಲ. ಶುಗರ್ ಇಲ್ಲ, ಕಿಡ್ನಿ ಸರಿ, ಪಂಪಿಂಗ್ ಸರಿ ಎಂದಿಟ್ಟುಕೊಂಡರೆ ಇಂದಿನ ಲೆಕ್ಕದಲ್ಲಿ ಬರುವುದು ಶೇ 0.5. ಅಂದರೆ ಅಂಥ ಇನ್ನೂರು ಜನರಲ್ಲಿ ಒಬ್ಬರು. ತಂದೆಯವರ ವಿವರ ಹಾಕಿದರೆ ಶೇ 3ರ ಆಚೀಚೆ ಬರುತ್ತದೆ. ನಿಮ್ಮ ಊರಿನವರ ಹಾಗೆ ತಂದೆಗೂ ಅಟ್ಯಾಕ್ ಆಗಿ, ಬಿ.ಪಿ. ಏರಿಸುವ ಡ್ರಿಪ್ ಮೇಲೆ ತುರ್ತಾಗಿ ಆಪರೇಷನ್‌ಗೆ ಒಯ್ಯಬೇಕಾಗಿ ಬಂದರೆ ಅದೇ ಮನುಷ್ಯನ ಅಪಾಯ ಶೇ 18ರ ಹತ್ತಿರ ಹೋಗುತ್ತದೆ. ಆ ಪರಿಸ್ಥಿತಿಯಲ್ಲಿ ಆಪರೇಷನ್‌ಗೆ ಹೋದವರನ್ನು ದೊಡ್ಡಪ್ಪನ ಪಕ್ಕ ನಿಲ್ಲಿಸಿ ‘ಆಗಿನ ಕಾಲವೇ ಚೆನ್ನಾಗಿತ್ತು’ ಎನ್ನುವುದು ನ್ಯಾಯವಲ್ಲ.

ಹಾಗಾದರೆ ಲೆಕ್ಕದಲ್ಲಿ 3 ಬಂದಿದ್ದನ್ನು ಸರ್ಜನ್ 5 ಎಂದದ್ದೇಕೆ? ನನಗೆ ಅದು ಒಳ್ಳೆಯ ಲಕ್ಷಣವಾಗಿಯೇ ಕಾಣುತ್ತದೆ. ಈ ಲೆಕ್ಕಕ್ಕೆ ಹೃದಯದ ರಕ್ತನಾಳ ಎಷ್ಟು ಸಣ್ಣದು, ಉದ್ದಕ್ಕೂ ಎಷ್ಟು ಹಾಳಾಗಿದೆ ಎಂಬುದು ಗೊತ್ತಿಲ್ಲ. ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ, ಮೂರು ತಿಂಗಳ ಶುಗರ್ ಸರಾಸರಿ ಎಷ್ಟಿದೆ ಎಂದು ಅದು ಕೇಳುವುದಿಲ್ಲ. ಮನುಷ್ಯ ಎಷ್ಟು ಬಡಕಲಾಗಿದ್ದಾನೆ ಎಂದೂ ನೇರವಾಗಿ ನೋಡುವುದಿಲ್ಲ. ಬಹಳ ವರ್ಷ ಶುಗರ್ ಇದ್ದ ನಮ್ಮ ಕಡೆಯವರ ಆ್ಯಂಜಿಯೋಗ್ರಾಂನಲ್ಲಿ ಎಷ್ಟೋ ಸಲ ಹೊಲಿಯಲು ಆರೋಗ್ಯವಂತ ಜಾಗವೇ ಕಷ್ಟಪಟ್ಟು ಸಿಗುತ್ತದೆ. ಅದನ್ನೆಲ್ಲ ಕಣ್ಣಾರೆ ಕಂಡವರು 3ಕ್ಕೆ ಇನ್ನೆರಡು ಸೇರಿಸಿ ಹೇಳಿದರೆ ಹೆದರಿಸಿದರು ಎಂದುಕೊಳ್ಳಬೇಡಿ. ನಿಮ್ಮ ಜಾಗದಲ್ಲಿ ನಾನಿದ್ದರೆ ‘ಏನೂ ಆಗಲ್ಲ, ಧೈರ್ಯವಾಗಿರಿ’ ಎಂದಷ್ಟೇ ಹೇಳಿ ಕಳಿಸುವವರ ಬಗ್ಗೆ ಹೆಚ್ಚು ಚಿಂತೆ ಮಾಡುತ್ತಿದ್ದೆ.

ಕಿಡ್ನಿಯ ವಿಷಯ ಸ್ವಲ್ಪ ಬಿಡಿಸಿಯೇ ಹೇಳಬೇಕು. ‘1.6 ಇದೆ, ಸ್ವಲ್ಪ ಜಾಸ್ತಿ ಅಷ್ಟೆ’ ಎಂದು ಯಾರೋ ಹೇಳಿರುತ್ತಾರೆ. ಕ್ರಿಯಾಟಿನಿನ್ ಎಂಬ ಕಸ ಹುಟ್ಟುವುದು ಮಾಂಸಖಂಡದಿಂದ, ಅದನ್ನು ಹೊರಹಾಕುವುದು ಕಿಡ್ನಿ. ವಯಸ್ಸಾಗಿ ಸೊರಗಿದ ಮೈಯಲ್ಲಿ ಅದು ಹುಟ್ಟುವುದೇ ಕಡಿಮೆ, ಹಾಗಾಗಿ ಕಿಡ್ನಿ ಅರ್ಧ ಸೋತಿದ್ದರೂ ಅಂಕಿ ಸಾಧುವಾಗಿಯೇ ಕಾಣುತ್ತದೆ. ಮನೆಯಲ್ಲೇ ಲೆಕ್ಕ ಹಾಕಬಹುದು: 140ರಲ್ಲಿ ವಯಸ್ಸನ್ನು ಕಳೆಯಿರಿ, ತೂಕದಿಂದ ಗುಣಿಸಿ, ಬಂದದ್ದನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ. ಹೆಂಗಸರಾದರೆ ಉತ್ತರವನ್ನು 0.85ರಿಂದ ಗುಣಿಸಬೇಕು. ಬರುವುದು ಕಿಡ್ನಿ ರಕ್ತವನ್ನು ಶೋಧಿಸುವ ವೇಗದ ಅಂದಾಜು. ತಂದೆಯವರದು ನಿಮಿಷಕ್ಕೆ 35 ಮಿಲಿ ಲೀಟರ್ ಬರುತ್ತದೆ. 85ಕ್ಕಿಂತ ಮೇಲಿದ್ದರೆ ಅಪಾಯದ ಅಂಕವಿಲ್ಲ. 50ಕ್ಕಿಂತ ಕೆಳಗಿದ್ದರೆ ಭಾರಿ ಅಂಕ. ಅವರ ಲೆಕ್ಕದಲ್ಲಿ ಅತಿ ಹೆಚ್ಚು ತೂಕದ ಅಂಶ ಹೃದಯದ್ದಲ್ಲ, ಕಿಡ್ನಿಯದು. ಇದೊಂದು ಸರಿಯಿದ್ದಿದ್ದರೆ 3 ಇದ್ದದ್ದು 1.3ಕ್ಕೆ ಇಳಿಯುತ್ತಿತ್ತು. ಆಪರೇಷನ್ ಆದ ಮೇಲೆ ಡಯಾಲಿಸಿಸ್ ಬೇಕಾದೀತೇ ಎಂಬ ಪ್ರಶ್ನೆಯನ್ನು ನೀವು ಈಗಲೇ ಕೇಳಬೇಕಾದ್ದೂ ಇದಕ್ಕೇ.

ಇನ್ನು ರೋಗಿಗಳು ಹೇಗೆ ಬದಲಾದರು ಎಂಬುದು. ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಹೊಲಿಯುವ ಪದ್ಧತಿಯನ್ನು ಗಟ್ಟಿಯಾಗಿ ನೆಲೆಗೊಳಿಸಿದವರು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಕೆಲಸ ಮಾಡುತ್ತಿದ್ದ ಅರ್ಜೆಂಟೀನಾದ ರೆನೆ ಫವಲೋರೊ, 1967ರಲ್ಲಿ. ನಮ್ಮ ದೇಶದಲ್ಲಿ 1975ರಲ್ಲಿ ಡಾ. ಕೆ.ಎಂ. ಚೆರಿಯನ್ ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಶುರು ಮಾಡಿದರು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಬಲೂನಿನಿಂದ ಬ್ಲಾಕ್ ಬಿಡಿಸಿ ತೋರಿಸಿದರು. ಮುಂದೆ ಸ್ಟೆಂಟ್ ಬಂತು, ಔಷಧ ಲೇಪಿಸಿದ ಸ್ಟೆಂಟ್ ಬಂತು. ಒಂದು ಬ್ಲಾಕ್, ಎರಡು ಬ್ಲಾಕ್, ಒಳ್ಳೆಯ ಪಂಪಿಂಗ್ ಇದ್ದ ಸುಲಭದ ರೋಗಿಗಳೆಲ್ಲ ಸ್ಟೆಂಟ್‌ನ ಕಡೆ ಹೋದರು. ಎರೆಭೂಮಿಯನ್ನೆಲ್ಲ ಮೊದಲು ಬಂದವನು ಉತ್ತುಕೊಂಡು, ಕಲ್ಲುಕಂಟಿಯ ಭಾಗವನ್ನು ಹಿಂದೆ ಬಂದವನಿಗೆ ಬಿಟ್ಟ ಹಾಗಾಯಿತು ಸರ್ಜನ್‌ಗಳ ಪಾಡು. ನಿಮ್ಮ ದೊಡ್ಡಪ್ಪನಂಥವರಲ್ಲಿ ಎಷ್ಟೋ ಜನ ಇಂದು ಸರ್ಜನ್‌ನ ಮುಖವನ್ನೇ ನೋಡುವುದಿಲ್ಲ.

ಇನ್ನೊಂದು ಕಾರಣ ಸಂತೋಷದ್ದು. ಹಿಂದೆ ದೊಡ್ಡ ಅಟ್ಯಾಕ್ ಆದರೆ ಹಳ್ಳಿಯಿಂದ ಹೊರಟವರು ದಾವಣಗೆರೆ ತಲುಪುವುದೇ ಅನುಮಾನವಿತ್ತು. ಈಗ ರಾಜ್ಯದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಕೇಂದ್ರದ ವೈದ್ಯರಿಗೆ ಕಳಿಸಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಜನ ಉಳಿಯುತ್ತಾರೆ. ಆದರೆ ಪಂಪಿಂಗ್ ಕುಗ್ಗಿದ ಹೃದಯ ಇಟ್ಟುಕೊಂಡು ಉಳಿಯುತ್ತಾರೆ, ಹತ್ತು ವರ್ಷದ ಮೇಲೆ ಮೂರು ನಾಳದ ಬ್ಲಾಕ್ ಹೊತ್ತು ಮತ್ತೆ ಬರುತ್ತಾರೆ. ನಿಮ್ಮ ತಂದೆಯವರದೂ ಅದೇ ದಾರಿ. ಮೊದಲ ಚಿಕಿತ್ಸೆ ಗೆದ್ದದ್ದರಿಂದಲೇ ಎರಡನೆಯದಕ್ಕೆ ಕಷ್ಟದ ರೋಗಿ ಸಿಗುತ್ತಾನೆ.

ಇದನ್ನು ಅಂಕಿಗಳಲ್ಲಿ ತುಂಬ ಚೆನ್ನಾಗಿ ತೋರಿಸಿದ್ದು ಅಮೆರಿಕದ ಎದೆ ಶಸ್ತ್ರಚಿಕಿತ್ಸಕರ ಸಂಘದ ದಾಖಲೆ. 1990ರಿಂದ 1999ರವರೆಗೆ ಬೈಪಾಸ್ ಆದ 11 ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಅದರಲ್ಲಿತ್ತು. ಆ ಹತ್ತು ವರ್ಷದಲ್ಲಿ ರೋಗಿಗಳ ವಯಸ್ಸು ಏರಿತು, ಹೆಂಗಸರ ಪಾಲು ಏರಿತು, ಜೊತೆ ಕಾಯಿಲೆಗಳು ಏರಿದವು. ಅವರ ಸ್ಥಿತಿ ನೋಡಿ ಮೊದಲೇ ಅಂದಾಜಿಸಿದ ಸಾವಿನ ಅಪಾಯ ಶೇ 2.6ರಿಂದ 3.4ಕ್ಕೆ ಹೋಯಿತು. ನಿಜವಾಗಿ ಆದ ಸಾವು ಮಾತ್ರ ಶೇ 3.9ರಿಂದ 3.0ಕ್ಕೆ ಇಳಿಯಿತು. ಮುಂದಿನ ದಶಕದಲ್ಲೂ ಇಳಿತ ನಿಲ್ಲಲಿಲ್ಲ: 2000ದಲ್ಲಿ ಶೇ 2.4 ಇದ್ದದ್ದು 2009ಕ್ಕೆ 1.9. ಪಾರ್ಶ್ವವಾಯು 1.6ರಿಂದ 1.2ಕ್ಕೆ. ಅದೇ ಅವಧಿಯಲ್ಲಿ ಶುಗರ್ ಇದ್ದವರ ಪಾಲು ನೂರಕ್ಕೆ 33ರಿಂದ 40ಕ್ಕೆ ಏರಿತ್ತು.

ಅದು ಅಮೆರಿಕದ ಮಾತಾಯಿತಲ್ಲ ಎನ್ನುತ್ತೀರಿ. ಸರಿ. ನಮ್ಮವರಿಗೆ ಕಾಯಿಲೆ ಬೇಗ ಬರುತ್ತದೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಅಟ್ಯಾಕ್‌ನ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಿಗೆ 53, ಮಿಕ್ಕವರಿಗೆ 59ರ ಹತ್ತಿರ. ವಯಸ್ಸು ಕಡಿಮೆ ಇರುವುದು ಆಪರೇಷನ್‌ಗೆ ಅನುಕೂಲ. ಆದರೆ ಅದನ್ನು ಶುಗರ್ ಕಿತ್ತುಕೊಳ್ಳುತ್ತದೆ. ಐಸಿಎಂಆರ್‌ನ 2023ರ ವರದಿಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಶುಗರ್ ಇದೆ. ಚಳ್ಳಕೆರೆ, ಹಿರಿಯೂರು ಕಡೆಯಿಂದ ಬರುವವರಲ್ಲಿ ‘ನನಗೇನು ಶುಗರ್ ಇಲ್ಲ ಸಾರ್’ ಎಂದು ಹೇಳಿ, ಆಪರೇಷನ್‌ಗೆ ಮುಂಚಿನ ರಕ್ತ ಪರೀಕ್ಷೆಯಲ್ಲಿ ಸಿಕ್ಕಿಬೀಳುವವರು ಅಪರೂಪವಲ್ಲ. ಇನ್ನು ತಾಯಂದಿರ ವಿಷಯ. ಅವರನ್ನು ಕರೆತರುವುದೇ ತಡ, ‘ಗ್ಯಾಸ್ಟ್ರಿಕ್’ ಎಂದು ವರ್ಷಗಟ್ಟಲೆ ಸೋಡಾ ಕುಡಿಸಿರುತ್ತಾರೆ. ಹೆಂಗಸರಿಗೆ ಬೈಪಾಸ್‌ನಲ್ಲಿ ಅಪಾಯ ಹೆಚ್ಚು ಎಂದು ಲೆಕ್ಕ ಹೇಳುತ್ತದೆ, ನಿಜ. ಆದರೆ ಅದರಲ್ಲಿ ಒಂದು ಪಾಲು ನಾವು ಮಾಡಿದ ತಡದ್ದು ಎಂದೇ ನನ್ನ ಭಾವನೆ.

ಫಲಿತಾಂಶ ಸುಧಾರಿಸಿದ್ದಕ್ಕೆ ಒಂದೇ ಒಂದು ದೊಡ್ಡ ಕಾರಣವಿಲ್ಲ. ಎದೆಗೂಡಿನ ಒಳಗೋಡೆಯಲ್ಲಿರುವ ಮ್ಯಾಮರಿ ಧಮನಿಯನ್ನು ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಜೋಡಿಸುವುದು ರೂಢಿಯಾಯಿತು. ಇದರ ಬೆಲೆ ಬಹಳ: ಕಾಲಿನಿಂದ ತೆಗೆದ ನಾಳಗಳಲ್ಲಿ ಹತ್ತು ವರ್ಷಕ್ಕೆ ಅರ್ಧದಷ್ಟು ಮುಚ್ಚಿಹೋಗಿರುತ್ತವೆ ಅಥವಾ ಕಿರಿದಾಗಿರುತ್ತವೆ, ಮ್ಯಾಮರಿ ಮಾತ್ರ ಹತ್ತರಲ್ಲಿ ಒಂಬತ್ತು ಜನರಲ್ಲಿ ತೆರೆದೇ ಇರುತ್ತದೆ. ನಿಮ್ಮ ದೊಡ್ಡಪ್ಪ ಇನ್ನೂ ತೋಟಕ್ಕೆ ಹೋಗುತ್ತಿದ್ದರೆ ಅದರ ಹಿಂದೆ ಆ ಒಂದು ಧಮನಿ ಇರುವ ಸಾಧ್ಯತೆ ದೊಡ್ಡದು. ಅವರ ಹಳೆಯ ಡಿಸ್ಚಾರ್ಜ್ ಪತ್ರ ತೆಗೆದು ನೋಡಿ, ‘ಲೀಮಾ’ ಎಂದು ಬರೆದಿರಬಹುದು. ಮಿಕ್ಕ ಕಾರಣಗಳು ಸಣ್ಣ ಸಣ್ಣವು. ಹೃದಯವನ್ನು ನಿಲ್ಲಿಸುವಾಗ ಕಾಪಾಡುವ ದ್ರಾವಣ ಸುಧಾರಿಸಿತು, ರಕ್ತ ಸೋರದಂತೆ ತಡೆಯುವ ಔಷಧ ಬಂತು, ಆಪರೇಷನ್ ದಿನ ಶುಗರನ್ನು ಇನ್ಸುಲಿನ್ ಡ್ರಿಪ್‌ನಲ್ಲಿ ಹಿಡಿದಿಡುವುದು ಕಲಿತೆವು, ಉಸಿರಿನ ನಳಿಕೆಯನ್ನು ಮರುದಿನದ ತನಕ ಬಿಡದೆ ಅದೇ ಸಂಜೆ ತೆಗೆಯತೊಡಗಿದೆವು, ಆಸ್ಪಿರಿನ್ ಬೇಗ ಶುರುಮಾಡಿದೆವು. ಇವುಗಳಲ್ಲಿ ಯಾವುದೂ ಪತ್ರಿಕೆಯಲ್ಲಿ ಸುದ್ದಿಯಾಗುವಂಥದ್ದಲ್ಲ.

ಸುದ್ದಿಯಾಗಿದ್ದು ‘ಬಡಿಯುವ ಹೃದಯದ ಮೇಲೆ ಆಪರೇಷನ್’, ಅಂದರೆ ಹೃದಯ ನಿಲ್ಲಿಸಿ ಅದರ ಕೆಲಸವನ್ನು ಯಂತ್ರಕ್ಕೆ ವಹಿಸದೆ ಮಾಡುವ ಬೈಪಾಸ್. ನಮ್ಮ ದೇಶದಲ್ಲಿ ಅದು ತುಂಬ ಬಳಕೆಯಲ್ಲಿದೆ, ಜಾಹೀರಾತಿನಲ್ಲೂ ಇದೆ. 4,752 ರೋಗಿಗಳ ಮೇಲೆ ಎರಡೂ ವಿಧಾನವನ್ನು ಹೋಲಿಸಿ 2012ರಲ್ಲಿ ಪ್ರಕಟಿಸಿದಾಗ, 30 ದಿನದಲ್ಲಿ ಸಾವು, ಅಟ್ಯಾಕ್, ಪಾರ್ಶ್ವವಾಯು, ಡಯಾಲಿಸಿಸ್ ಎಲ್ಲ ಸೇರಿಸಿ ನೋಡಿದರೆ ಮಹತ್ವದ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಯಂತ್ರ ಬಳಸುತ್ತಾರೋ ಇಲ್ಲವೋ ಎಂದು ಆಸ್ಪತ್ರೆ ಆರಿಸಬೇಡಿ. ನಿಮ್ಮ ಸರ್ಜನ್‌ಗೆ ಯಾವುದು ಕೈಗೆ ಒಗ್ಗಿದೆಯೋ ಅದನ್ನು ಮಾಡಲಿ.

ಬೈಪಾಸೋ ಸ್ಟೆಂಟೋ ಎಂಬುದಕ್ಕೆ ಬರುತ್ತೇನೆ. ದಾವಣಗೆರೆಯ ವೈದ್ಯರು ಹೇಳಿದ್ದು ತಾಂತ್ರಿಕವಾಗಿ ಸುಳ್ಳಲ್ಲ. ಸ್ಟೆಂಟ್ ಹಾಕಲು ಸಾಧ್ಯವಿರಬಹುದು. ಮೂರು ದಿನದಲ್ಲಿ ಮನೆಗೆ ಬರುತ್ತಾರೆ, ಎದೆ ಕೊಯ್ಯುವುದಿಲ್ಲ, ಮೊದಲ ತಿಂಗಳ ಅಪಾಯವೂ ಕಡಿಮೆ. ಆದರೆ ಶುಗರ್ ಇದ್ದು ಹಲವು ನಾಳದ ಬ್ಲಾಕ್ ಇದ್ದವರನ್ನೇ ಆರಿಸಿಕೊಂಡು ಮಾಡಿದ ಫ್ರೀಡಂ ಅಧ್ಯಯನದಲ್ಲಿ, 1,900 ಜನರನ್ನು ಐದು ವರ್ಷ ನೋಡಿದಾಗ, ಸ್ಟೆಂಟ್ ಗುಂಪಿನಲ್ಲಿ ಶೇ 16.3 ಮಂದಿ ತೀರಿಕೊಂಡಿದ್ದರು, ಬೈಪಾಸ್ ಗುಂಪಿನಲ್ಲಿ 10.9. ಬೈಪಾಸ್ ಪುಕ್ಕಟೆ ಗೆದ್ದಿತು ಎಂದಲ್ಲ: ಪಾರ್ಶ್ವವಾಯು ಸ್ಟೆಂಟ್‌ನವರಲ್ಲಿ 2.4, ಬೈಪಾಸ್‌ನವರಲ್ಲಿ 5.2. ಪಂಪಿಂಗ್ 35 ಅಥವಾ ಅದಕ್ಕಿಂತ ಕಡಿಮೆ ಇದ್ದ 1,212 ಜನರ ಮೇಲೆ ನಡೆದ ಸ್ಟಿಚ್ ಅಧ್ಯಯನದಲ್ಲಿ ಹತ್ತು ವರ್ಷಕ್ಕೆ ಬೈಪಾಸ್ ಆದವರಲ್ಲಿ ಶೇ 58.9, ಬರೀ ಮಾತ್ರೆಯಲ್ಲಿದ್ದವರಲ್ಲಿ 66.1 ಮಂದಿ ತೀರಿಕೊಂಡರು. ಇಂಥದೇ ದುರ್ಬಲ ಹೃದಯಕ್ಕೆ ಸ್ಟೆಂಟ್ ಹಾಕಿ ನೋಡಿದ, 2022ರಲ್ಲಿ ಪ್ರಕಟವಾದ ರಿವೈವ್ಡ್ ಅಧ್ಯಯನದಲ್ಲಿ ಮಾತ್ರೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಶುಗರ್, ಮೂರು ನಾಳ, ಲೆಫ್ಟ್ ಮೇನ್, ಕುಗ್ಗಿದ ಪಂಪಿಂಗ್, ನಾಲ್ಕೂ ಕೂಡಿರುವ ನಿಮ್ಮ ತಂದೆಗೆ ನನ್ನ ಒಲವು ಬೈಪಾಸ್ ಕಡೆಗೇ. ಇನ್ನೊಂದು ಮಾತು: ಮೂರ್ನಾಲ್ಕು ಸ್ಟೆಂಟ್ ಹಾಕಲು ಹಿಡಿಯುವ ಡೈ (ನಾಳ ಪರದೆಯಲ್ಲಿ ಕಾಣಲೆಂದು ಚುಚ್ಚುವ ದ್ರವ) ಆ 35ರ ಕಿಡ್ನಿಗೆ ಸುಲಭದ ಹೊರೆಯಲ್ಲ.

ಆದರೆ ಹೊಲಿಯಲು ನಾಳವೇ ಸಿಗದಿದ್ದರೆ, ಅಥವಾ ತಂದೆಯವರು ಮನೆಯೊಳಗೂ ಕೋಲಿಲ್ಲದೆ ಓಡಾಡದಷ್ಟು ನಿತ್ರಾಣರಾಗಿದ್ದರೆ, ನಾನು ಇಷ್ಟು ಖಡಾಖಂಡಿತ ಹೇಳುವುದಿಲ್ಲ. ಆ್ಯಂಜಿಯೋಗ್ರಾಂನ ಸಿ.ಡಿ. ಮುಂದಿಟ್ಟುಕೊಂಡು ಸ್ಟೆಂಟ್ ಹಾಕುವವರೂ ಸರ್ಜನ್ನೂ ಒಟ್ಟಿಗೆ ಕೂತು ಮಾತಾಡಲಿ. ಒಬ್ಬೊಬ್ಬರ ಬಳಿ ಬೇರೆ ಬೇರೆ ಹೋದರೆ ನಿಮಗೆ ಸಿಗುವುದು ಎರಡು ಅಭಿಪ್ರಾಯ. ಅವರಿಬ್ಬರನ್ನೂ ಕೂಡಿಸಿದರೆ ಒಂದು ಚಿಕಿತ್ಸೆ ಸಿಗುತ್ತದೆ.

ಯೂರೋಸ್ಕೋರ್ ಹೇಳುವುದು ಆಸ್ಪತ್ರೆಯಲ್ಲೇ ಆಗಬಹುದಾದ ಸಾವನ್ನಷ್ಟೆ. ಬದುಕಿ ಬಂದರೂ ಹೇಗೆ ಬಂದರು ಎಂಬುದು ಬೇರೆ ಮಾತು. ಆಪರೇಷನ್ ಆದ ಎರಡು ಮೂರನೇ ದಿನ ನಾಲ್ವರಲ್ಲಿ ಒಬ್ಬರಿಗಾದರೂ ಹೃದಯದ ಬಡಿತ ತಾಳ ತಪ್ಪುತ್ತದೆ. ಹೆಚ್ಚಿನವರಿಗೆ ಮಾತ್ರೆಯಲ್ಲಿ ಸರಿಹೋಗುತ್ತದೆ, ಹೆದರಬೇಡಿ. ಪಾರ್ಶ್ವವಾಯು ನೂರಕ್ಕೆ ಒಬ್ಬಿಬ್ಬರಿಗೆ. ಎದೆಮೂಳೆಯ ಆಳದ ಸೋಂಕೂ ಸುಮಾರು ಅಷ್ಟೇ, ಆದರೆ ಶುಗರ್ ಹತೋಟಿಯಲ್ಲಿಲ್ಲದವರಲ್ಲಿ ಹೆಚ್ಚು, ಬಂದರೆ ತಿಂಗಳುಗಟ್ಟಲೆ ಕಾಡುತ್ತದೆ. ವಯಸ್ಸಾದವರಿಗೆ ಐಸಿಯುನಲ್ಲಿ ಒಂದೆರಡು ರಾತ್ರಿ ಮಾತು ಅಡ್ಡಾದಿಡ್ಡಿ ಆಗುವುದುಂಟು, ಮಗನನ್ನೇ ಗುರುತಿಸದೆ ‘ಯಾರಪ್ಪ ನೀನು’ ಎನ್ನುತ್ತಾರೆ. ಸಾಮಾನ್ಯವಾಗಿ ಕೆಲವು ದಿನದಲ್ಲಿ ತಿಳಿಯಾಗುತ್ತದೆ. ಕನ್ನಡಕ, ಕಿವಿಯ ಯಂತ್ರ ಬೇಗ ಕೈಗೆ ಕೊಟ್ಟರೆ ಇನ್ನೂ ಬೇಗ.

ಈಗ ನಿಮ್ಮ ಕೈಯಲ್ಲಿರುವುದು. ವಯಸ್ಸನ್ನು ಇಳಿಸಲಾಗದು, ಪಂಪಿಂಗನ್ನು ವಾರದಲ್ಲಿ ಏರಿಸಲಾಗದು. ಆದರೆ ಸರ್ಜನ್ ಎರಡು ಮೂರು ವಾರ ಸಮಯ ಕೊಟ್ಟರೆ ಅದನ್ನು ಸುಮ್ಮನೆ ಕಳೆಯಬೇಡಿ. ಆ್ಯಂಜಿಯೋಗ್ರಾಂ ಆದ ಮೇಲೆ ಕ್ರಿಯಾಟಿನಿನ್ ಮತ್ತೊಮ್ಮೆ ನೋಡಿಸಿ. ಡೈನಿಂದ ಏರಿದ್ದರೆ ಅದು ಇಳಿಯುವವರೆಗೆ ಕಾಯುವುದು ವಾಸಿ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ನೋವಿನ ಮಾತ್ರೆ ಇವತ್ತೇ ನಿಲ್ಲಲಿ, ಕಿಡ್ನಿಗೆ ಅದಕ್ಕಿಂತ ದೊಡ್ಡ ಶತ್ರು ಮನೆಯಲ್ಲಿರಲಿಕ್ಕಿಲ್ಲ. ಹಿಮೋಗ್ಲೋಬಿನ್ 9, 10 ಇದ್ದರೆ ಕಬ್ಬಿಣಾಂಶದ ಇಂಜೆಕ್ಷನ್ ಕೊಡಿಸಬಹುದೇ ಎಂದು ಕೇಳಿ. ಮೂರು ತಿಂಗಳ ಶುಗರ್ ಸರಾಸರಿಯನ್ನು ಮೂರು ವಾರದಲ್ಲಿ ಇಳಿಸಲಾಗದಿದ್ದರೂ ದಿನದಿನದ ಶುಗರನ್ನು ಹಿಡಿತಕ್ಕೆ ತರಬಹುದು. ಬೀಡಿ ಇದ್ದರೆ ಬಿಡಿಸಿ. ಹುಳುಕು ಹಲ್ಲು ಇದ್ದರೆ ತೋರಿಸಿ. ಮೂರು ಗುಂಡಿನ ಉಸಿರಿನ ಆಟಿಕೆಯನ್ನು ಆಪರೇಷನ್ ಆದ ಮೇಲಲ್ಲ, ಈಗಲೇ ತಂದು ಅಭ್ಯಾಸ ಮಾಡಿಸಿ.

ಮಾತ್ರೆಗಳ ವಿಷಯದಲ್ಲಿ ಎರಡು ಮುಖ್ಯ. ಸ್ಟೆಂಟ್‌ಗೆ ಕೊಡುವ ಕ್ಲೋಪಿಡೋಗ್ರೆಲ್ಲನ್ನು ಸಾಮಾನ್ಯವಾಗಿ ಐದು ದಿನ ಮೊದಲು ನಿಲ್ಲಿಸುತ್ತಾರೆ, ಆಸ್ಪಿರಿನ್ ಮುಂದುವರಿಸುತ್ತಾರೆ. ಆದರೆ ನಿಲ್ಲಿಸುವ ದಿನವನ್ನು ಸರ್ಜನ್ ಹೇಳಬೇಕು, ನೀವಾಗಿ ನಿಲ್ಲಿಸಬಾರದು. ಶುಗರ್‌ಗೂ ದುರ್ಬಲ ಹೃದಯಕ್ಕೂ ಈಚೆಗೆ ಬಹಳ ಬರೆಯುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಒಳ್ಳೆಯ ಔಷಧಗಳೇ, ಆದರೆ ಆಪರೇಷನ್‌ಗೆ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸಬೇಕು. ಇಲ್ಲದಿದ್ದರೆ ಶುಗರ್ ಹೆಚ್ಚು ಕಾಣದೆಯೇ ರಕ್ತ ಆಮ್ಲವಾಗುವ ಅಪಾಯವಿದೆ. ಊರಿನ ವೈದ್ಯರು ಬರೆದ ಚೀಟಿ ಬೆಂಗಳೂರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಮಾತ್ರೆಯ ಹಾಳೆಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ.

99 ಪರ್ಸೆಂಟ್ ಆಸ್ಪತ್ರೆ. ಕಷ್ಟದ ರೋಗಿಗಳನ್ನು ‘ಬೇರೆ ಕಡೆ ಹೋಗಿ’ ಎಂದು ಕಳಿಸುವ ಆಸ್ಪತ್ರೆಗೆ ಆ ಅಂಕಿ ಸುಲಭ. ನ್ಯೂಯಾರ್ಕ್ ರಾಜ್ಯದಲ್ಲಿ 1990ರ ಸುಮಾರಿಗೆ ಪ್ರತಿ ಆಸ್ಪತ್ರೆಯ ಬೈಪಾಸ್ ಸಾವಿನ ದರವನ್ನು, ರೋಗಿಯ ಅಪಾಯಕ್ಕೆ ತಕ್ಕಂತೆ ಸರಿಹೊಂದಿಸಿ ಬಹಿರಂಗ ಮಾಡತೊಡಗಿದರು. ಸಾವಿನ ದರ ಇಳಿಯಿತು. ಅದರ ಜೊತೆಗೇ, ಅಂಕಿ ಕೆಡುತ್ತದೆಂದು ಕೆಲವರು ಹೆಚ್ಚು ಅಪಾಯದವರನ್ನು ಮುಟ್ಟಲು ಹಿಂಜರಿಯುತ್ತಿದ್ದಾರೆ ಎಂಬ ದೂರೂ ಬಂತು. ಹೀಗಾಗಿ ಬರೀ ಯಶಸ್ಸಿನ ಪ್ರಮಾಣ ಕೇಳಬೇಡಿ. ಹೋದ ವರ್ಷ ಎಷ್ಟು ಬೈಪಾಸ್ ಮಾಡಿದಿರಿ, ಅದರಲ್ಲಿ ಪಂಪಿಂಗ್ 40ಕ್ಕಿಂತ ಕಡಿಮೆ ಇದ್ದವರು ಹೇಗಾದರು, ಹೊಸದಾಗಿ ಡಯಾಲಿಸಿಸ್ ಎಷ್ಟು ಜನರಿಗೆ ಬೇಕಾಯಿತು, ರಕ್ತಸ್ರಾವಕ್ಕೆ ಎಷ್ಟು ಜನರ ಎದೆ ಮತ್ತೆ ತೆರೆದಿರಿ, ರಾತ್ರಿ ಐಸಿಯುನಲ್ಲಿ ಯಾರಿರುತ್ತಾರೆ ಎಂದು ಕೇಳಿ. ಒಳ್ಳೆಯ ಸರ್ಜನ್‌ಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುವುದಿಲ್ಲ. ಬಂದರೆ ಅದೂ ಒಂದು ಉತ್ತರವೇ.

ದಾವಣಗೆರೆಯಲ್ಲೂ ಈಗ ಬೈಪಾಸ್ ಆಗುತ್ತದೆ, ಬೆಂಗಳೂರೇ ಆಗಬೇಕೆಂದಿಲ್ಲ. ಪಂಪಿಂಗ್ ಕಡಿಮೆ, ಕಿಡ್ನಿ ಕಡಿಮೆ ಇರುವವರಿಗೆ ಅಗತ್ಯ ಬಿದ್ದರೆ ಹೃದಯಕ್ಕೆ ಆಸರೆ ಕೊಡುವ ಬಲೂನ್ ಪಂಪ್, ರಾತ್ರಿ ಡಯಾಲಿಸಿಸ್, ಕಿಡ್ನಿ ತಜ್ಞರು ಒಂದೇ ಸೂರಿನಡಿ ಸಿಗುತ್ತಾರೆಯೇ ಎಂಬುದು ಊರಿನ ಹೆಸರಿಗಿಂತ ಮುಖ್ಯ. ಸಿಗುತ್ತಾರೆಂದಾದರೆ ಹತ್ತಿರದ್ದು ವಾಸಿ, ಏಕೆಂದರೆ ಗಾಯ ತೋರಿಸಲು, ನೀರು ತುಂಬಿದ ಕಾಲು ತೋರಿಸಲು 200 ಕಿ.ಮೀ. ಆಚೆಗೆ ಪದೇ ಪದೇ ಹೋಗಲು ಜನ ಬೇಸರಪಟ್ಟು ಬಿಟ್ಟುಬಿಡುತ್ತಾರೆ. ಖರ್ಚಿನ ಬಗ್ಗೆ ನೀವು ಕೇಳಿಲ್ಲ. ಆದರೂ ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ದುಡ್ಡು ಕಟ್ಟುವ ಮೊದಲು ಚಿತ್ರದುರ್ಗ ಜಿಲ್ಲಾ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರನ್ನು ಕಂಡು ರೆಫರಲ್ ವಿಷಯ ಕೇಳಿ. ಆಪರೇಷನ್ ಆದ ಮೇಲೆ ಹೋದರೆ ಏನೂ ನಡೆಯುವುದಿಲ್ಲ.

ಮನೆಗೆ ಬಂದ ಮೇಲೆ ಎದೆಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಅಲ್ಲಿಯ ತನಕ ನೀರಿನ ಕೊಡ, ಗೊಬ್ಬರದ ಚೀಲ, ಬೈಕು, ಟ್ರ್ಯಾಕ್ಟರ್ ಯಾವುದೂ ಬೇಡ. ನಡಿಗೆ ಮಾತ್ರ ದಿನಾ, ಬೆಳಗಿನ ತಂಪಿನಲ್ಲಿ. ಚಿತ್ರದುರ್ಗದ ಬೇಸಿಗೆಯಲ್ಲಿ ನೀರು ಇಳಿಸುವ ಮಾತ್ರೆ ತಿನ್ನುತ್ತಿರುವವರಿಗೆ ವಾಂತಿ ಭೇದಿ ಆದರೆ ಆ ದಿನವೇ ವೈದ್ಯರಿಗೆ ಫೋನ್ ಮಾಡಿ. ಕಿಡ್ನಿ ಕೈಕೊಡುವುದು ಇಂಥ ಹೊತ್ತಿನಲ್ಲಿ. ಆಸ್ಪಿರಿನ್, ಕೊಬ್ಬಿನ ಮಾತ್ರೆ ಜೀವಮಾನ ಪೂರ್ತಿ. ‘ಆಪರೇಷನ್ ಆಯ್ತಲ್ಲ, ಇನ್ನೇಕೆ ಮಾತ್ರೆ’ ಎಂದು ಬಿಟ್ಟವರ ಕಾಲಿನ ನಾಳವೇ ಮೊದಲು ಮುಚ್ಚುವುದು. ಮಂಡಕ್ಕಿ ತಿನ್ನಲಿ, ಜೊತೆಗಿನ ಮಿರ್ಚಿ ಬೇಡ. ಬೆಣ್ಣೆದೋಸೆಯ ಬಗ್ಗೆ ದಾವಣಗೆರೆಯವನಾಗಿ ನಾನು ಹೆಚ್ಚು ಹೇಳಲಾರೆ; ಹಬ್ಬಕ್ಕೊಂದು.

ಕೊನೆಗೆ ಅಡಿಕೆ ಕೊಯ್ಲು. ಮುಂದೂಡಬೇಡಿ. ಲೆಫ್ಟ್ ಮೇನ್‌ನ ಬ್ಲಾಕ್ ಎಂದರೆ ಹೃದಯದ ಎಡಭಾಗಕ್ಕೆಲ್ಲ ರಕ್ತ ಕೊಡುವ ಬುಡದಲ್ಲೇ ಬ್ಲಾಕ್. ಅದು ತಿಂಗಳುಗಟ್ಟಲೆ ಕಾಯಿಸುವಂಥದ್ದಲ್ಲ. ತಯಾರಿಗೆ ಬೇಕಾದ ಎರಡು ಮೂರು ವಾರವನ್ನೂ ಸರ್ಜನ್ ಒಪ್ಪಿದರೆ ಮಾತ್ರ ತೆಗೆದುಕೊಳ್ಳಿ, ಆ ಅವಧಿಯಲ್ಲಿ ತಂದೆಯವರು ತೋಟಕ್ಕೆ ಹೋಗುವುದು ಬೇಡ. ಕೂತಲ್ಲೇ ಎದೆ ಹಿಡಿದರೆ, ರಾತ್ರಿ ಉಸಿರು ಕಟ್ಟಿ ಎದ್ದು ಕೂತರೆ, ತಣ್ಣಗೆ ಬೆವರಿದರೆ, ಬೆಳಗಾಗಲಿ ಎಂದು ಕಾಯದೆ 108 ಕರೆಸಿ ಹೊಳಲ್ಕೆರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಿ. ಶೇ 3 ಇರುವುದನ್ನು 18 ಮಾಡುವುದು ಆ ಒಂದು ರಾತ್ರಿ. ಕೊಯ್ಲನ್ನು ಈ ವರ್ಷ ಚೇಣಿಗೆ ಕೊಟ್ಟುಬಿಡಿ.